.375 ಎಂಬ ಗೆರೆಯನ್ನು ಎಳೆದದ್ದು ಯಾವ ಕಾರಣಕ್ಕೆ? ಅಪಾಯಕಾರಿ ಪ್ರಾಣಿಗಳ ಬೇಟೆಯಲ್ಲಿ ಕನಿಷ್ಠ ಕ್ಯಾಲಿಬರ್ ನಿಯಮದ ಮೂಲ ಕುರಿತು ಒಂದು ಚರ್ಚೆ

ಕಾಡುಹಾದಿ:

ಆಫ್ರಿಕಾದ ಬೇಟೆಯ ಇತಿಹಾಸವನ್ನು ಓದುವಾಗಲೆಲ್ಲ ನನಗೆ ಒಂದೇ ಸಂಖ್ಯೆ ಎದುರಾಗುತ್ತದೆ. ಆನೆ, ಘೇಂಡಾಮೃಗ, ಕಾಡೆಮ್ಮೆಗಳಂಥ ಅಪಾಯಕಾರಿ ಪ್ರಾಣಿಗಳ ಮೇಲೆ .375 ಕ್ಯಾಲಿಬರಿಗಿಂತ ಕಿರಿದಾದ ಕೋವಿಯನ್ನು, ಅಂದರೆ ಅಂಗುಲದ ಸಾವಿರದಲ್ಲಿ 375 ಭಾಗಕ್ಕಿಂತ ಸಣ್ಣ ಗುಂಡನ್ನು ಹಾರಿಸುವ ಕೋವಿಯನ್ನು ಬಳಸಕೂಡದು ಎಂಬ ನಿಯಮ ಪೂರ್ವ ಆಫ್ರಿಕಾದ ಬ್ರಿಟಿಷ್ ಆಳ್ವಿಕೆಯಲ್ಲಿ ಬೇರೂರಿತು, ಸ್ವಾತಂತ್ರ್ಯ ಬಂದ ಮೇಲೂ ಹಲವು ದೇಶಗಳಲ್ಲಿ ಉಳಿದುಕೊಂಡಿತು. ಆದರೆ ಅದೇ ನೆಲದಲ್ಲಿ ವಾಲ್ಟರ್ ಬೆಲ್ ಎಂಬ ಸ್ಕಾಟ್ಲೆಂಡಿನ ದಂತಬೇಟೆಗಾರನು ಸಾವಿರಕ್ಕೂ ಹೆಚ್ಚು ಆನೆಗಳನ್ನು ಹೊಡೆದನು, ಮತ್ತು ಅವುಗಳಲ್ಲಿ ಬಹುಪಾಲು ಬಿದ್ದದ್ದು .275 ರಿಗ್ಬಿ ಕೋವಿಗೆ. ಜರ್ಮನರು 7×57 ಮೌಸರ್ ಎಂದು ಕರೆಯುವುದೂ ಅದೇ ತೋಟೆಯನ್ನೇ. ಅದರ ಗುಂಡಿನ ತೂಕ ಸುಮಾರು 11 ಗ್ರಾಂ ಮಾತ್ರ. ನೂರಾರು ಆನೆಗಳಿಗೆ ಸಾಕಾದ ಗುಂಡು ಕಾನೂನಿಗೆ ಏಕೆ ಸಾಲಲಿಲ್ಲ?

ನನ್ನ ಅನುಮಾನವನ್ನು ನೇರವಾಗಿ ಹೇಳುತ್ತೇನೆ. 1905ರಲ್ಲಿ ಬರ್ಲಿನ್ನಿನ ಕೋವಿ ತಯಾರಕ ಆಟೋ ಬಾಕ್ 9.3×62 ಎಂಬ ತೋಟೆಯನ್ನು ಹೊರತಂದನು. ಅದು ಸಾಧಾರಣ ಮೌಸರ್ ಕೋವಿಯಲ್ಲಿ ಕೂರುತ್ತಿತ್ತು, ಅಗ್ಗವಾಗಿತ್ತು, ಆಫ್ರಿಕಾದ ಜರ್ಮನ್ ವಲಸಿಗರ ನೆಚ್ಚಿನ ಆಯುಧವಾಯಿತು. ಅದರ ಗುಂಡಿನ ವ್ಯಾಸ 9.3 ಮಿಲಿಮೀಟರ್, ಅಂದರೆ .366 ಅಂಗುಲ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ .375 ಮ್ಯಾಗ್ನಮ್ ಬಂದದ್ದು ಅದಾದ ಏಳು ವರ್ಷಕ್ಕೆ, 1912ರಲ್ಲಿ. ಇವೆರಡರ ನಡುವೆ ಕಾಲು ಮಿಲಿಮೀಟರಿನಷ್ಟೂ ಅಂತರವಿಲ್ಲ. ಕಾನೂನಿನ ಗೆರೆ ಸರಿಯಾಗಿ ಆ ಸಂದಿನಲ್ಲಿಯೇ ಬಿದ್ದಿರುವುದನ್ನು ಆಕಸ್ಮಿಕವೆಂದು ನಂಬಲು ನನಗೆ ಸಾಧ್ಯವಾಗುತ್ತಿಲ್ಲ. ಇದು ವ್ಯಾಪಾರದ ಗೆರೆ, ಅನುಭವದ ಗೆರೆಯಲ್ಲ.

ಹಳೇ ಕೋವಿ:

ಬೆಲ್‌ನ ಉದಾಹರಣೆಯನ್ನು ಕೊಡುವವರು ಅವನ ಕೋವಿಯನ್ನು ನೆನಪಿಟ್ಟುಕೊಂಡು ಅವನ ಗರಗಸವನ್ನು ಮರೆಯುತ್ತಾರೆ. ಆನೆಯ ತಲೆಬುರುಡೆಯನ್ನು ಸೀಳಿ, ಮಿದುಳು ಎಲ್ಲಿ ಅಡಗಿದೆ, ಯಾವ ಕೋನದಿಂದ ನೋಡಿದರೆ ಯಾವ ಗುರುತಿನ ಹಿಂದೆ ಸಿಗುತ್ತದೆ ಎಂಬುದನ್ನು ಅವನು ಅಭ್ಯಾಸ ಮಾಡಿಕೊಂಡಿದ್ದನು. ಅವನು ಬಳಸುತ್ತಿದ್ದುದು ಸಿಡಿದು ಅರಳುವ ಗುಂಡಲ್ಲ. ಪೂರ್ತಿ ಲೋಹದ ಕವಚವುಳ್ಳ, ಉದ್ದನೆಯ, ಮೊಂಡುಮೂತಿಯ ಗುಂಡು. ಅದು ಮೂಳೆಯೊಳಗೆ ನೇರವಾಗಿ ಸಾಗುತ್ತಿತ್ತು. ಜೊತೆಗೆ ಅವನ ಮುಂದಿದ್ದ ಆನೆಗಳಲ್ಲಿ ಹೆಚ್ಚಿನವು ಕೋವಿಯ ಸದ್ದನ್ನೇ ಅರಿಯದವು. ಈಡು ತಪ್ಪುವ ಸಂಭವವಿದ್ದರೆ ಅವನು ಕಾಯಬಲ್ಲವನಾಗಿದ್ದನು. ವರ್ಷಕ್ಕೆ ಮೂರು ವಾರ ರಜೆ ಹಾಕಿ, ಹಣ ಕಟ್ಟಿ ಹಡಗು ಹತ್ತಿ ಬರುವ ಅತಿಥಿಗೆ ಇವುಗಳಲ್ಲಿ ಒಂದೂ ಒದಗುವುದಿಲ್ಲ.

ಇನ್ನು ಅನುಭವದ ಮಾತು. ಹೊಗೆಮದ್ದಿನ ಕಾಲದಲ್ಲಿ ಆನೆಬೇಟೆಗೆ 8 ಬೋರ್, 4 ಬೋರ್ ಕೋವಿಗಳೇ ಬೇಕಾಗುತ್ತಿದ್ದವು. 4 ಬೋರ್ ಎಂದರೆ ನಳಿಕೆಯ ಅಳತೆಗೆ ಸರಿಹೊಂದುವ ಸೀಸದ ಉಂಡೆಗಳು ನಾಲ್ಕು ಸೇರಿದರೆ ಒಂದು ಪೌಂಡು ಎಂದರ್ಥ. ಒಂದೊಂದೂ 113 ಗ್ರಾಂ. ನಮ್ಮ ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಕೂಡ ಆನೆಯ ಎದುರಿಗೆ ಇಂಥ ಭಾರಿ ಕೋವಿಯನ್ನೇ ನಂಬಿದ್ದನು. ಆ ಕೋವಿಯ ಒದೆತಕ್ಕೆ ಭುಜ ಜಜ್ಜಿಹೋಗುತ್ತಿತ್ತು, ಒಂದು ಈಡು ಹಾರಿಸಿದರೆ ಎದುರಿಗೆ ಹೊಗೆಯ ಗೋಡೆ ಏಳುತ್ತಿತ್ತು, ಗಾಯಗೊಂಡ ಪ್ರಾಣಿ ಯಾವ ಕಡೆಯಿಂದ ಬರುತ್ತಿದೆಯೆಂದು ಕಾಣುತ್ತಿರಲಿಲ್ಲ. 1898ರಲ್ಲಿ ರಿಗ್ಬಿ ಕಂಪನಿಯು ಕಾರ್ಡೈಟ್ ಎಂಬ ಹೊಗೆರಹಿತ ಮದ್ದನ್ನು ತುಂಬಿದ .450 ನೈಟ್ರೋ ಎಕ್ಸ್‌ಪ್ರೆಸ್ ಅನ್ನು ತಂದಾಗ 31 ಗ್ರಾಂ ಗುಂಡು ಸೆಕೆಂಡಿಗೆ 655 ಮೀಟರ್ ವೇಗದಲ್ಲಿ ಹೊರಟಿತು, ಹೊಗೆ ಇಲ್ಲವಾಯಿತು, ಎರಡನೆಯ ನಳಿಕೆ ತಕ್ಷಣ ಸಿದ್ಧವಿರುತ್ತಿತ್ತು. ಆ ಅಳತೆಗೆ ಒಗ್ಗಿಕೊಂಡ ಜನರೇ ಸಣ್ಣ ಕೋವಿಗಳ ಹೊಸ ಹುಚ್ಚನ್ನು ಕಂಡು ಹೆದರಿದರು, ಮತ್ತು ಹೆದರುವುದಕ್ಕೆ ಕಾರಣವೂ ಇತ್ತು. ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇಯ ತಮ್ಮ ಜಾರ್ಜ್ ಗ್ರೇ 1911ರಲ್ಲಿ ಪೂರ್ವ ಆಫ್ರಿಕಾದ ಬಯಲಿನಲ್ಲಿ ಸಿಂಹಕ್ಕೆ ಸಿಕ್ಕಿ ಸತ್ತನು. ಅವನ ಕೈಯಲ್ಲಿದ್ದುದು .280 ರಾಸ್ ಎಂಬ ಮಿಂಚಿನ ವೇಗದ, ಹಗುರ ಗುಂಡಿನ ಕೋವಿ. ಗುಂಡು ಸಿಂಹಕ್ಕೆ ತಗುಲಿತ್ತು, ಆದರೂ ಅದರ ಓಟ ನಿಲ್ಲಲಿಲ್ಲ.

ನ್ಯಾಯಪಕ್ಷ:

ಇಬ್ಬರೂ ಹೇಳಿದ ಸಂಗತಿಗಳನ್ನು ಒಪ್ಪುತ್ತೇನೆ, ಆದರೆ ಎರಡರಿಂದಲೂ ನಿಯಮ ಹುಟ್ಟಿತೆಂದು ಸಿದ್ಧವಾಗುವುದಿಲ್ಲ. ಗ್ರೇ ಸತ್ತದ್ದು ಮೊದಲು, ನಿಯಮ ಬಂದದ್ದು ನಂತರ ಎಂದ ಮಾತ್ರಕ್ಕೆ ಆ ಸಾವೇ ನಿಯಮಕ್ಕೆ ಕಾರಣವಾಗುವುದಿಲ್ಲ. ಬಾಕ್‌ನ ತೋಟೆಯ ವಿಷಯದಲ್ಲಿಯೂ ತರ್ಕ ಅದೇ. ಕಾನೂನಿನ ಹುಟ್ಟನ್ನು ಹುಡುಕುವಾಗ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಇದನ್ನು ಜಾರಿಗೊಳಿಸಬೇಕಾದ ಅಧಿಕಾರಿಗೆ ಏನು ಕಾಣುತ್ತಿತ್ತು?

1900ರ ಮೇ ತಿಂಗಳಲ್ಲಿ ಯುರೋಪಿನ ವಸಾಹತುಶಾಹಿ ರಾಷ್ಟ್ರಗಳು ಲಂಡನ್ನಿನಲ್ಲಿ ಕೂಡಿ ಆಫ್ರಿಕಾದ ವನ್ಯಪ್ರಾಣಿಗಳ ಕುರಿತು ಒಪ್ಪಂದ ಮಾಡಿಕೊಂಡಾಗ ಅವರ ಲಕ್ಷ್ಯವಿದ್ದುದು ಎಷ್ಟು ಪ್ರಾಣಿ, ಯಾವ ಪ್ರಾಣಿ, ಎಷ್ಟು ತೂಕದ ದಂತ ಎಂಬುದರ ಮೇಲೆ. 5 ಕಿಲೋಗಿಂತ ಹಗುರವಾದ ದಂತವನ್ನು ತಡೆಯಬೇಕೆಂದು ಬರೆದವರು ಕೋವಿಯ ಅಳತೆಯನ್ನು ಬರೆಯಲಿಲ್ಲ. ಬ್ರಿಟಿಷ್ ಪೂರ್ವ ಆಫ್ರಿಕಾದಲ್ಲಿ ಹೊರಗಿನಿಂದ ಬಂದ ಬೇಟೆಗಾರನ ಪರವಾನಗಿಗೆ 50 ಪೌಂಡು ತೆರಬೇಕಾಗಿತ್ತು. ಆಗ ಅಲ್ಲಿ ನಮ್ಮ ರೂಪಾಯಿಯೇ ಚಲಾವಣೆಯಲ್ಲಿದ್ದುದರಿಂದ ಅದು 750 ರೂಪಾಯಿ. ಇಷ್ಟು ಹಣ ಕಟ್ಟಿದವನಿಗೆ ಗುರಿ ಇದೆಯೋ ಇಲ್ಲವೋ, ಎದೆಗಾರಿಕೆ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ಉಪಾಯ ಬೇಟೆ ಇಲಾಖೆಯ ಕೈಯಲ್ಲಿ ಇರಲಿಲ್ಲ. ನಳಿಕೆಯ ಮೇಲೆ ಕೆತ್ತಿದ ಅಂಕಿಯನ್ನು ಮಾತ್ರ ಯಾವ ಅಧಿಕಾರಿಯಾದರೂ ಓದಬಲ್ಲನು. ಕುಶಲತೆಯನ್ನು ಅಳೆಯಲು ಬಾರದ ಆಡಳಿತವು ಅಳೆಯಲು ಬರುವ ವಸ್ತುವನ್ನು ಹಿಡಿದುಕೊಂಡಿತು ಎಂಬುದು ನನ್ನ ಅಭಿಪ್ರಾಯ. ಬೆಲ್‌ಗೆ ಅನ್ಯಾಯವಾಗುವ ನಿಯಮವೇ ನೂರು ಜನ ಸಾಮಾನ್ಯ ಗುರಿಕಾರರಿಗೆ ಸರಿಹೋಗುತ್ತದೆ ಎಂಬ ಲೆಕ್ಕ ಇಲ್ಲಿದೆ.

ದಾರ್ ಎಸ್ ಸಲಾಮ್ ಕನ್ನಡಿಗ:

ನಾನು ಟಾಂಜಾನಿಯಾದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಬೇಟೆಯಾಡಿದವನಲ್ಲ, ಆದರೆ ಬೇಟೆ ಶಿಬಿರಗಳಲ್ಲಿ ದುಡಿದು ಹಿರಿಯರಾದವರ ಜೊತೆ ಕುಳಿತು ಮಾತನಾಡಿದ್ದೇನೆ. ಇಲ್ಲಿಯವರೆಗಿನ ಚರ್ಚೆಯಲ್ಲಿ ಕೋವಿ ಹಿಡಿದವನಿದ್ದಾನೆ, ಕೋವಿ ಮಾರಿದವನಿದ್ದಾನೆ, ಕಾನೂನು ಬರೆದವನಿದ್ದಾನೆ. ಹೆಜ್ಜೆ ನೋಡುವವನು ಮಾತ್ರ ಇಲ್ಲ. ಅತಿಥಿಯ ಸಣ್ಣ ಗುಂಡು ಕಾಡೆಮ್ಮೆಯ ಹೊಟ್ಟೆಗೆ ತಗುಲಿ, ಅದು ಮುಳ್ಳುಪೊದೆ ಹೊಕ್ಕರೆ, ರಕ್ತದ ಜಾಡು ಹಿಡಿದು ಎಲ್ಲರಿಗಿಂತ ಮುಂದೆ ಬಾಗಿ ನಡೆಯುವವನು ಅವನೇ. ಕೀನ್ಯಾದಲ್ಲಿ ಬಹುಮಟ್ಟಿಗೆ ಕಾಂಬಾ ಜನರು ಈ ಕೆಲಸ ಮಾಡುತ್ತಿದ್ದರು. ಅವನ ಕಣ್ಣು ನೆಲದ ಮೇಲಿರುತ್ತದೆ, ಕೈಯಲ್ಲಿ ಕೋವಿ ಇರುವುದಿಲ್ಲ. ಗ್ರೇಯ ಸಾವು ಲಂಡನ್ನಿಗೆ ಮುಟ್ಟಿತು, ಇವರದು ಮುಟ್ಟಲಿಲ್ಲ.

ಇವನ ಹಿಂದೆಯೇ ನಡೆಯುವವನು ವೃತ್ತಿಬೇಟೆಗಾರ, ಅಂದರೆ ಸಂಬಳ ಪಡೆದು ಅತಿಥಿಯನ್ನು ಕರೆದೊಯ್ಯುವವನು. ಗಾಯಗೊಂಡ ಪ್ರಾಣಿಯನ್ನು ಮುಗಿಸುವ ಹೊಣೆ ಅವನದು. 1934ರಲ್ಲಿ ನೈರೋಬಿಯಲ್ಲಿ ಇಂಥವರು ಸೇರಿ ಪೂರ್ವ ಆಫ್ರಿಕಾದ ವೃತ್ತಿಬೇಟೆಗಾರರ ಸಂಘವನ್ನು ಕಟ್ಟಿಕೊಂಡರು, ಫಿಲಿಪ್ ಪರ್ಸಿವಲ್ ಅದರ ಮೊದಲ ಅಧ್ಯಕ್ಷನಾದನು. ಕನಿಷ್ಠ ಕ್ಯಾಲಿಬರಿನ ನಿಯಮದಿಂದ ಹೆಚ್ಚು ನೆಮ್ಮದಿ ಪಡೆದವರು ಈ ಜನರೇ. ಅತಿಥಿಯ ಮುಂದೆ ನಿಂತು, ನಿಮ್ಮ ಗುರಿಯ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಹೇಳಲಾಗುವುದಿಲ್ಲ. ಕಾನೂನು ಒಪ್ಪುವುದಿಲ್ಲ ಎಂದು ಹೇಳಬಹುದು.

ಕಾಡುಹಾದಿ:

ಹೆಜ್ಜೆ ನೋಡುವವರನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅದು ನನ್ನ ತಪ್ಪು. ಆದರೂ ಸಾಮ್ರಾಜ್ಯವು ಕ್ಯಾಲಿಬರನ್ನು ಕುರಿತು ಮಾಡಿದ ನಿಯಮಗಳೆಲ್ಲ ಜೀವರಕ್ಷಣೆಗಾಗಿ ಇದ್ದವು ಎಂದು ನಂಬುವುದಕ್ಕೆ ಮುಂಚೆ ನಮ್ಮ ದೇಶದ ಉದಾಹರಣೆಯನ್ನು ನೋಡಿ. 1907ರಲ್ಲಿ ಬ್ರಿಟಿಷ್ ಸರ್ಕಾರ .450 ಕ್ಯಾಲಿಬರಿನ ಬೇಟೆಕೋವಿ ಮತ್ತು ತೋಟೆಗಳನ್ನು ಭಾರತಕ್ಕೂ ಸುಡಾನಿಗೂ ತರಕೂಡದೆಂದು ತಡೆಯಿತು. ಹಳೆಯ ಮಾರ್ಟಿನಿ ಹೆನ್ರಿ ಸೈನಿಕ ಕೋವಿಗಳ ಗುಂಡೂ ಅದೇ ಅಳತೆಯದಾಗಿತ್ತು, ಅಂಥ ಕೋವಿಗಳು ಬಂಡಾಯಗಾರರ ಕೈಯಲ್ಲಿ ಸಾಕಷ್ಟಿದ್ದವು, ಬೇಟೆಯ ಹೆಸರಿನಲ್ಲಿ ಬಂದ ಸಾಮಗ್ರಿ ಅವರಿಗೆ ಸಿಕ್ಕೀತೆಂಬ ಭಯವಿತ್ತು. ಹುಲಿಯಾಗಲಿ ಆನೆಯಾಗಲಿ ಈ ನಿಯಮದ ಮನಸ್ಸಿನಲ್ಲಿ ಇರಲೇ ಇಲ್ಲ. ಸರ್ಕಾರಕ್ಕೆ ಕ್ಯಾಲಿಬರ್ ಎಂದರೆ ಪ್ರಜೆಗಳ ಮೇಲಿನ ಹತೋಟಿಯ ಸಾಧನವೂ ಆಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೇ?

ಹಳೇ ಕೋವಿ:

ಉದಾಹರಣೆ ನಿಜ, ಆದರೆ ಅದು ಒಂದು ಅಳತೆಯನ್ನು ನಿಷೇಧಿಸಿದ ನಿಯಮವೇ ಹೊರತು ಕೆಳಮಿತಿಯನ್ನು ಗೊತ್ತುಮಾಡಿದ ನಿಯಮವಲ್ಲ. ಅದರ ಪರಿಣಾಮ ಮಾತ್ರ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. .450 ಮುಚ್ಚಿಹೋದಾಗ ಲಂಡನ್ನಿನ ತಯಾರಕರು ಅದರ ಅಕ್ಕಪಕ್ಕದ ಅಳತೆಗಳನ್ನು ಹುಡುಕಿದರು; .465, .470, .475, .476 ಎಂಬ ತೋಟೆಗಳು ಸಾಲಾಗಿ ಹುಟ್ಟಿದವು. ಇವುಗಳಲ್ಲಿ ಯಾವುದೂ ಆನೆಯ ತಲೆಬುರುಡೆಯನ್ನು ಅಳೆದು ಮಾಡಿದ್ದಲ್ಲ, ಭಾರತದ ಆಮದು ನಿಯಮವನ್ನು ದಾಟಲು ಮಾಡಿದ್ದು. ಹೀಗಾಗಿ ನಿಮ್ಮ ಮಾತಿನಲ್ಲಿ ಒಂದು ಅಂಶವನ್ನು ನಾನು ಒಪ್ಪುತ್ತೇನೆ: ತಯಾರಕರ ಅಂಗಡಿಯಲ್ಲಿ ಯಾವ ಅಳತೆಯ ತೋಟೆ ಇತ್ತೋ ಅದನ್ನು ನೋಡಿಯೇ ಕಾನೂನು ತನ್ನ ಗೆರೆಯನ್ನು ಆರಿಸಿಕೊಳ್ಳುತ್ತದೆ. .375 ಆಯ್ಕೆಯಾದದ್ದೂ ಹಾಗೆಯೇ. 19 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 770 ಮೀಟರ್ ವೇಗ, ಸಾಮಾನ್ಯ ಮೈಕಟ್ಟಿನವನು ಅಂಜದೆ ತಡೆದುಕೊಳ್ಳಬಹುದಾದ ಒದೆತ. 1937ರಿಂದ ಅಮೆರಿಕದ ವಿಂಚೆಸ್ಟರ್ ಕಂಪನಿಯ ಮಾಡೆಲ್ 70 ಕೋವಿಯಲ್ಲಿಯೂ ಅದು ಸಿಗತೊಡಗಿದಾಗ, ಇಂಗ್ಲಿಷ್ ಜೋಡುನಳಿಕೆಗೆ ಹಣ ಹೊಂದಿಸಲಾರದವರೂ ಗೆರೆಯ ಮೇಲೆ ಬರುವಂತಾಯಿತು. ಲಂಡನ್ನಿನ ವ್ಯಾಪಾರಿಗಳ ಲಾಭವೇ ನಿಯಮದ ಗುರಿಯಾಗಿದ್ದರೆ ಅದು ಅಲ್ಲಿಗೇ ಸೋತುಹೋಯಿತು.

ಹಸಿರುಕಣಿವೆ:

ಬೇಟೆಯನ್ನು ನಾನು ಯಾವ ರೂಪದಲ್ಲಿಯೂ ಒಪ್ಪುವವಳಲ್ಲ, ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನ ಪ್ರಶ್ನೆ ಒಂದೇ: ಈ ನಿಯಮದ ಮೂಲದಲ್ಲಿ ಪ್ರಾಣಿಯ ನೋವು ಎಲ್ಲಿಯಾದರೂ ಇದೆಯೇ? ಬ್ರಿಟನ್ನಿನಲ್ಲಿ 1963ರ ಜಿಂಕೆ ಕಾಯಿದೆ .240 ಕ್ಯಾಲಿಬರಿಗಿಂತ ಅಥವಾ 1,700 ಅಡಿ ಪೌಂಡು ಶಕ್ತಿಗಿಂತ ಕಡಿಮೆಯ ಕೋವಿಯನ್ನು ಜಿಂಕೆಯ ಮೇಲೆ ಬಳಸದಂತೆ ತಡೆಯಿತು. ಜಿಂಕೆ ಯಾರನ್ನೂ ತುಳಿದು ಕೊಲ್ಲುವುದಿಲ್ಲ. ಆದ್ದರಿಂದ ಆ ಕನಿಷ್ಠ ಮಿತಿ ಇದ್ದುದು ಜಿಂಕೆಗಾಗಿ. ಆಫ್ರಿಕಾದ ಮಿತಿಯು ಅಪಾಯಕಾರಿ ಪ್ರಾಣಿಗಳಿಂದ ಶುರುವಾಯಿತು ಎಂಬುದೇ ಅದು ಯಾರಿಗಾಗಿ ಬಂತೆಂದು ಹೇಳುತ್ತದೆ. ನಮ್ಮಲ್ಲಿ ಏನಿತ್ತು ಎಂಬುದನ್ನೂ ಬಲ್ಲವರು ತಿಳಿಸಬೇಕು.

ನ್ಯಾಯಪಕ್ಷ:

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆರಂಭದಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ, ಪರವಾನಗಿಯ ಅಡಿಯಲ್ಲಿ ಕೆಲವು ಪ್ರಾಣಿಗಳಿಗೆ ಅವಕಾಶವಿತ್ತು. ಅದರ 17ನೆಯ ಕಲಮು ದೊಡ್ಡ ಬೇಟೆಪ್ರಾಣಿಗಳನ್ನು ರೈಫಲ್ಲಿನಿಂದಲೇ ಹೊಡೆಯಬೇಕೆಂದೂ, ವಿಶೇಷ ಅನುಮತಿಯಿದ್ದರೆ ಮಾತ್ರ ಒಂಟಿಗುಂಡಿನ ತೋಟೆ ಹಾಕಿದ ಶಾಟ್‌ಗನ್ ಬಳಸಬಹುದೆಂದೂ ಹೇಳುತ್ತಿತ್ತು. ಅಂದರೆ ಆಯುಧದ ಜಾತಿಯನ್ನು ಹೇಳಿತು, ಅಳತೆಯನ್ನು ಹೇಳಲಿಲ್ಲ. ಚರೆ ತುಂಬಿದ ಕೋವಿಯಿಂದ ಗಾಯಗೊಂಡು ವಾರಗಟ್ಟಲೆ ನರಳುವ ಪ್ರಾಣಿಗಳ ಸಮಸ್ಯೆಗೆ ಅದು ಕೊಟ್ಟ ಉತ್ತರವೆಂದು ನಾನು ಓದುತ್ತೇನೆ. 1991ರ ತಿದ್ದುಪಡಿಯಲ್ಲಿ ಈ ಪರವಾನಗಿ ವ್ಯವಸ್ಥೆಯೇ ಕಳಚಿಹೋಯಿತು. ತಾವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆಫ್ರಿಕಾದ ನಿಯಮ ಮನುಷ್ಯನಿಗಾಗಿ ಹುಟ್ಟಿತು. ಆದರೆ ಗಾಯಗೊಂಡು ತಪ್ಪಿಸಿಕೊಂಡ ಕಾಡೆಮ್ಮೆಯ ನೋವೂ, ಅದನ್ನು ಹುಡುಕಿಹೋದವನ ಸಾವೂ ಒಂದೇ ಕೆಟ್ಟ ಈಡಿನಿಂದ ಬರುತ್ತವೆ. ಆದ್ದರಿಂದ ಒಂದನ್ನು ತಡೆಯುವ ನಿಯಮ ಇನ್ನೊಂದನ್ನೂ ಸ್ವಲ್ಪಮಟ್ಟಿಗೆ ತಡೆಯಿತು.

ಕಾಡುಹಾದಿ:

ಹಾಗಾದರೆ ಅಳತೆಯನ್ನೇ ಪರೀಕ್ಷಿಸೋಣ, ಏಕೆಂದರೆ ನನ್ನ ಅಸಮಾಧಾನ ಇನ್ನೂ ಅಲ್ಲಿಯೇ ಇದೆ. ವ್ಯಾಸವೊಂದನ್ನೇ ನೋಡುವ ನಿಯಮದ ಪ್ರಕಾರ 1978ರಲ್ಲಿ ಬಂದ .375 ವಿಂಚೆಸ್ಟರ್ ಎಂಬ ತೋಟೆ ಆನೆಗೆ ಸಲ್ಲುತ್ತದೆ. ಅದು 13 ಗ್ರಾಂ ಗುಂಡಿನ, ಸುಮಾರು 2,900 ಜೌಲ್ ಶಕ್ತಿಯ, ಜಿಂಕೆ ಬೇಟೆಯ ತೋಟೆ. 18.5 ಗ್ರಾಂ ಗುಂಡಿನ, 4,800 ಜೌಲಿನ 9.3×62 ಮಾತ್ರ ಸಲ್ಲುವುದಿಲ್ಲ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಹುಲಿ, ಚಿರತೆಗಳ ಬೆನ್ನುಹತ್ತಿದ .405 ವಿಂಚೆಸ್ಟರ್ ಕೂಡ ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಆದರೆ ಅದರ ಗುಂಡು ಗಿಡ್ಡ ಮತ್ತು ದಪ್ಪ. ಹುಲಿಯ ಮೈಗೆ ಸಾಕಾದರೂ ಆನೆಯ ತಲೆಯೊಳಗೆ 9.3ರ ಗುಂಡಿನಷ್ಟು ಆಳಕ್ಕೆ ಇಳಿಯಲಾರದು.

ಈ ಕೊರತೆಯನ್ನು ಆಫ್ರಿಕಾದವರೇ ಕಂಡುಕೊಂಡರು. ಜಿಂಬಾಬ್ವೆಯ ನಿಯಮ ಆನೆ, ಕಾಡೆಮ್ಮೆ, ನೀರಾನೆಗಳಿಗೆ 9.2 ಮಿಲಿಮೀಟರ್ ವ್ಯಾಸವನ್ನೂ 5.3 ಕಿಲೋಜೌಲ್ ಶಕ್ತಿಯನ್ನೂ ಒಟ್ಟಿಗೆ ಕೇಳುತ್ತದೆ. ಸಿಂಹಕ್ಕೆ 7 ಮಿಲಿಮೀಟರ್, 4.3 ಕಿಲೋಜೌಲ್ ಸಾಕು. ನಮೀಬಿಯಾ ಆನೆ ಮತ್ತು ಕಾಡೆಮ್ಮೆಗಳಿಗೆ 5,400 ಜೌಲ್ ಎಂದು ಶಕ್ತಿಯ ಮೇಲೆಯೇ ನಿಂತಿತು. 9.2 ಎಂಬ ಅಂಕಿಯನ್ನು ನೋಡಿದಾಗ, ಹಿಂದೆ ಹೊರಗುಳಿದ 9.3ರ ವಂಶಕ್ಕೆ ಯಾರೋ ತಿಳಿದೇ ಬಾಗಿಲು ತೆರೆದಂತೆ ನನಗೆ ಕಾಣುತ್ತದೆ, ಆದರೂ 9.3×62 ಎಂಬ ಹಳೆಯ ತೋಟೆ ಶಕ್ತಿಯ ಹೊಸ್ತಿಲಲ್ಲಿ ಎಡವುತ್ತದೆ.

ಹಳೇ ಕೋವಿ:

ಶಕ್ತಿಯ ಅಳತೆಯನ್ನೂ ಪೂರ್ತಿ ನಂಬಬೇಡಿ. ಗ್ರೇಯ ಕೈಯಲ್ಲಿದ್ದ .280 ರಾಸ್ ಕೋವಿಯ ಶಕ್ತಿ ಬೆಲ್‌ನ .275 ಕೋವಿಗಿಂತ ಹೆಚ್ಚಿನದು. ಜೌಲ್ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ ಹಗುರವಾದ, ವೇಗದ ಗುಂಡಿಗೆ ಅಂಕಗಳು ಸುಲಭವಾಗಿ ಏರುತ್ತವೆ. ಆ ಗುಂಡು ಮಾಂಸಖಂಡದಲ್ಲಿಯೇ ಒಡೆದು ಚೂರಾದರೆ ಆ ಅಂಕಗಳಿಂದ ಯಾರ ಪ್ರಾಣವೂ ಉಳಿಯುವುದಿಲ್ಲ. ಇದನ್ನು ಮನಗಂಡೇ ಜಾನ್ ಟೇಲರ್ ಎಂಬ ಐರಿಷ್ ದಂತಬೇಟೆಗಾರನು 1948ರಲ್ಲಿ ತನ್ನದೇ ಸೂತ್ರವನ್ನು ಮುಂದಿಟ್ಟನು: ಗುಂಡಿನ ತೂಕವನ್ನು ಗ್ರೇನ್ ಎಂಬ ಇಂಗ್ಲಿಷ್ ತೂಕದಲ್ಲಿ (ಒಂದು ಪೌಂಡಿಗೆ 7,000 ಗ್ರೇನ್), ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು, ವ್ಯಾಸವನ್ನು ಅಂಗುಲದಲ್ಲಿ ಹಿಡಿದು ಮೂರನ್ನೂ ಗುಣಿಸಿ, ಬಂದದ್ದನ್ನು 7,000ದಿಂದ ಭಾಗಿಸಬೇಕು. ಹಾಗೆ ಮಾಡಿದರೆ .450 ನೈಟ್ರೋಗೆ ಸುಮಾರು 67, .375ಕ್ಕೆ 40, 9.3ಕ್ಕೆ 35, ಬೆಲ್‌ನ ತೋಟೆಗೆ 16 ಬರುತ್ತದೆ. ಅವನು ಅಳೆಯಲು ಹೊರಟದ್ದು ಗುಂಡು ಪ್ರಾಣಿಯನ್ನು ಕೊಲ್ಲುತ್ತದೆಯೇ ಎಂಬುದನ್ನಲ್ಲ. ಮಿದುಳು ತಪ್ಪಿ ತಲೆಗೆ ಬಿದ್ದ ಗುಂಡು ಆನೆಯನ್ನು ಎಷ್ಟು ಹೊತ್ತು ದಿಗ್ಭ್ರಮೆಗೊಳಿಸುತ್ತದೆ ಎಂಬುದನ್ನು. ಕೊಲ್ಲಲು 16 ಸಾಕು ಎಂಬುದಕ್ಕೆ ಬೆಲ್ ಸಾಕ್ಷಿ. ಗುರಿ ತಪ್ಪಿದ ಮೇಲೆ ಬದುಕಿ ಉಳಿಯಲು ಎಷ್ಟು ಬೇಕು ಎಂಬ ಪ್ರಶ್ನೆಗೆ .375ರ ಗೆರೆ ಉತ್ತರವಾಗಿ ಬಂತು.

ದಾರ್ ಎಸ್ ಸಲಾಮ್ ಕನ್ನಡಿಗ:

ಈ ಕೊನೆಯ ಮಾತನ್ನು ನಾನು ಇಲ್ಲಿನ ಹಿರಿಯರಿಂದ ಬೇರೆ ರೀತಿಯಲ್ಲಿ ಕೇಳಿದ್ದೇನೆ. ಅತಿಥಿ ಮೊದಲ ಈಡು ಹೊಡೆದ ಕೂಡಲೇ ಅವರು ಪ್ರಾಣಿಯನ್ನು ನೋಡುತ್ತಿರಲಿಲ್ಲವಂತೆ, ಗುಂಡು ತಗುಲಿದ ಸದ್ದನ್ನು ಕಿವಿಗೊಟ್ಟು ಕೇಳುತ್ತಿದ್ದರಂತೆ. ಆ ಸದ್ದಿನಿಂದಲೇ ಸಂಜೆಯೊಳಗೆ ಶಿಬಿರಕ್ಕೆ ಮರಳುತ್ತೇವೋ ಇಲ್ಲವೋ ಎಂದು ತಿಳಿಯುತ್ತಿತ್ತಂತೆ.

ಕಾಡುಹಾದಿ:

ಲಾಭಕ್ಕಾಗಿಯೇ ಹುಟ್ಟಿದ ನಿಯಮ ಎಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಭಯದಿಂದ ಹುಟ್ಟಿತು, ಆಡಳಿತದ ಅನುಕೂಲದಿಂದ ಅಂಕಿಯ ರೂಪ ಪಡೆಯಿತು, ಅಂಕಿಯನ್ನು ಮಾತ್ರ ಲಂಡನ್ನಿನ ಕಪಾಟಿನಿಂದ ಎತ್ತಿಕೊಂಡಿತು ಎಂಬಲ್ಲಿಗೆ ನಾನು ಬಂದಿದ್ದೇನೆ. ಆದರೂ ಜರ್ಮನ್ ವಲಸಿಗನ ಮೌಸರ್ ಅಂಗುಲದ ಸಾವಿರದಲ್ಲಿ ಒಂಬತ್ತು ಭಾಗದಿಂದ ಹೊರಗುಳಿದದ್ದು ನ್ಯಾಯವೆಂದು ನಾನು ಈಗಲೂ ಒಪ್ಪುವುದಿಲ್ಲ.

ಹಳೇ ಕೋವಿ:

ಅದನ್ನು ನಾನೂ ನ್ಯಾಯವೆನ್ನುವುದಿಲ್ಲ. ನಾನು ಈ ನಿಯಮದ ಪರವಾಗಿ ಇಷ್ಟು ಬರೆದದ್ದಕ್ಕೆ ಕಾರಣ ನಮ್ಮ ಮನೆಯದು. 1960ರ ದಶಕದಲ್ಲಿ ಕೊಡಗಿನ ನಮ್ಮ ಗದ್ದೆಗೆ ಇಳಿದ ಹಂದಿಯೊಂದಕ್ಕೆ ಅಜ್ಜ ರಾತ್ರಿ 12 ಬೋರಿನ ಕೋವಿಯಲ್ಲಿ ಚರೆಯ ತೋಟೆ ಹಾಕಿ ಹೊಡೆದರು. ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ ತೋಟೆ. ಹಂದಿ ಬೀಳದೆ ಲಂಟಾನದೊಳಗೆ ನುಗ್ಗಿತು. ಜೊತೆಗಿದ್ದ ಆಳುಗಳನ್ನು, ಸ್ವಂತ ಮಗನನ್ನು ಮನೆಗೆ ಕಳುಹಿಸಿ, ಬೆಳಕು ಹರಿಯುವವರೆಗೆ ಏರಿಯ ಮೇಲೆ ಕುಳಿತು, ಎರಡು ಒಂಟಿಗುಂಡಿನ ತೋಟೆಗಳನ್ನು ತರಿಸಿಕೊಂಡು ಅವರು ಒಬ್ಬರೇ ಪೊದೆ ಹೊಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ಚರೆಯ ತೋಟೆಯನ್ನೂ ಗುಂಡಿನ ತೋಟೆಯನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಇಡುತ್ತಾರೆ.